ನಿಮಗಿದು ಗೊತ್ತೇ? ಬಡವರ ಹೆಸರೇ ಬೈಗುಳವಾದ ಬಗೆ

ಸಿನಿಮಾದ ‘ವಿಲನ್’ ಮೂಲದಲ್ಲಿ ಹೊಲದಾಳು! ಲ್ಯಾಟಿನ್‌ನಲ್ಲಿ ‘ವಿಲ್ಲಾ’ ಎಂದರೆ ಜಮೀನಿನ ನಡುವಿನ ದೊಡ್ಡ ಮನೆ. ಅಲ್ಲಿ ದುಡಿಯುತ್ತಿದ್ದವನು ‘ವಿಲ್ಲಾನುಸ್’. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಅವನು ಮೊದಲು ಒರಟನಾದ, ಆಮೇಲೆ ದುಷ್ಟನಾದ. ಅವನ ಬೆವರಿನ ಫಲ ಉಂಡವರೇ ಅವನ ಹೆಸರು ಕೆಡಿಸಿದ್ದು ಘೋರ ಅನ್ಯಾಯ.

ಇಸ್ಪೀಟಿನ ಗುಲಾಮನಿಗೆ ಇಂಗ್ಲಿಷಿನಲ್ಲಿ ‘ನೇವ್’ ಎಂಬ ಹೆಸರೂ ಇದೆ. ಹಳೆಯ ಇಂಗ್ಲಿಷಿನಲ್ಲಿ ಅದರರ್ಥ ಹುಡುಗ, ಅಷ್ಟೇ. ಹುಡುಗ ಮನೆಯಾಳಾದ, ಮನೆಯಾಳು ವಂಚಕನಾದ. ಅದೇ ಬೇರಿನ ಜರ್ಮನ್ ‘ಕ್ನಾಬೆ’ಗೆ ಮಾತ್ರ ಈ ಕಳಂಕ ತಟ್ಟಲಿಲ್ಲ.

‘ರಾಸ್ಕಲ್’ ಮೂಲದಲ್ಲಿ ಒಬ್ಬನಲ್ಲ, ಒಂದು ಗುಂಪು. ಫ್ರೆಂಚಿನಲ್ಲಿ ಕೀಳು ಜನರ ಜಂಗುಳಿಗೆ ಹೇಳುತ್ತಿದ್ದ ಮಾತು ಅದು. ಬೇಟೆಗಾರರು ಬಡಕಲು ಜಿಂಕೆಯನ್ನೂ ಹಾಗೇ ಕರೆದರು.

‘ರೋಗ್’ (ಪೋಕರಿ) ಮೂಲದಲ್ಲಿ 16ನೇ ಶತಮಾನದ ಇಂಗ್ಲೆಂಡಿನ ಅಲೆಮಾರಿ ಭಿಕ್ಷುಕ. ಥಾಮಸ್ ಹಾರ್ಮನ್ ಎಂಬ ಜಮೀನುದಾರ 1560ರ ದಶಕದಲ್ಲಿ ಇಂಥವರ ಬಗ್ಗೆಯೇ ಪುಸ್ತಕ ಬರೆದ. ಬಾಯಲ್ಲಿ ಸೋಪು ಇಟ್ಟುಕೊಂಡು ನೊರೆ ಬರಿಸಿ, ಮೂರ್ಛೆರೋಗದ ಸೋಗು ಹಾಕಿ ಬೇಡುವವರೂ ಅದರಲ್ಲಿದ್ದಾರೆ. ಆದರೆ ಮೋಸಗಾರರಿಗೂ ಹಸಿದವರಿಗೂ ಕಾನೂನು ಒಂದೇ ಬರೆ ಎಳೆಯಿತು. 1572ರ ಶಾಸನದಂತೆ ಕೆಲಸವಿಲ್ಲದೆ ಅಲೆಯುವವರಿಗೆ ಚಾಟಿಯೇಟು. ಜೊತೆಗೆ ಕಾದ ಕಬ್ಬಿಣದಿಂದ ಬಲಗಿವಿಯ ಮೃದ್ವಸ್ಥಿ ಸುಟ್ಟು ತೂತು. ದೊಡ್ಡವರ ಆಶ್ರಯವಿಲ್ಲದ ನಾಟಕದವರೂ ಇದೇ ಪಟ್ಟಿಯಲ್ಲಿದ್ದರು!

‘ಶಾರ್ಲಟನ್’ (ಬುರುಡೆ ಪಂಡಿತ) ಪದದ ಹಿಂದೆ ಇಟಲಿಯ ಉಂಬ್ರಿಯಾ ಪ್ರಾಂತ್ಯದ ಚೆರೆಟೊ ಎಂಬ ಊರಿದೆ. ಅಲ್ಲಿಯವರು ಊರೂರು ಸುತ್ತಿ ಔಷಧಿ ಮಾರುತ್ತಿದ್ದರು. ‘ಹರಟು’ ಎಂಬರ್ಥದ ಇಟಾಲಿಯನ್ ಮಾತೂ ಇದರೊಂದಿಗೆ ಬೆರೆತಿದೆ.

‘ಕಾನ್ ಮ್ಯಾನ್’ (ವಂಚಕ) ಪದದ ಬೇರು 1849ರಲ್ಲಿದೆ. ನ್ಯೂಯಾರ್ಕಿನ ವಿಲಿಯಂ ಥಾಂಪ್ಸನ್ ಅಪರಿಚಿತರೊಡನೆ ಸಲುಗೆಯಿಂದ ಮಾತಾಡಿ, ‘ನನ್ನ ಮೇಲೆ ನಂಬಿಕೆ ಇದ್ದರೆ ನಿಮ್ಮ ಗಡಿಯಾರ ನಾಳೆಯವರೆಗೆ ಕೊಡಿ’ ಎನ್ನುತ್ತಿದ್ದ. ಕೊಟ್ಟವರಿದ್ದರು! ಅವನಿಗೆ ‘ಕಾನ್ಫಿಡೆನ್ಸ್ ಮ್ಯಾನ್’, ಅಂದರೆ ‘ನಂಬಿಕೆಯ ಮನುಷ್ಯ’ ಎಂದು ಹೆಸರಿಟ್ಟದ್ದು ಪತ್ರಿಕೆಗಳು.

‘ಥಗ್’ ಇಂಗ್ಲಿಷಿಗೆ ಹೋಗಿದ್ದು ಹಿಂದಿಯ ‘ಠಗ್’ನಿಂದ. ಇಂಗ್ಲೆಂಡಿನ ಮನೆಮನೆಗೆ ಅದನ್ನು ಮುಟ್ಟಿಸಿದ್ದು ಫಿಲಿಪ್ ಮೆಡೋಸ್ ಟೇಲರ್‌ನ 1839ರ ಕಾದಂಬರಿ. ನಮ್ಮ ಸುರಪುರದ ಆಡಳಿತ ನೋಡಿಕೊಂಡ ಟೇಲರ್ ಇವನೇ. ಅವನ ಬಂಗಲೆ ‘ಟೇಲರ್ ಮಂಜಿಲ್’ ಅಲ್ಲೇ ಇದೆ.

ಬಯಲಲ್ಲಿ ಮಲಗಿದ ನಿರ್ಗತಿಕನನ್ನೂ 1824ರ ಬ್ರಿಟಿಷ್ ಕಾಯ್ದೆ ‘ರೋಗ್’ ಎಂದಿತು. ಅದೇ ಮನೋಭಾವ 1871ರಲ್ಲಿ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಗಿ, ಹುಟ್ಟಿದ ಮಗುವಿಗೂ ಕಳ್ಳನ ಹಣೆಪಟ್ಟಿ ಹಚ್ಚಿತು. ಆ ಕಳಂಕ ಕಾನೂನಿನಿಂದ ಅಳಿದದ್ದು 1952ರಲ್ಲಿ. ಆ ಸಮುದಾಯಗಳನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಜಾಗಕ್ಕೆ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಹೆಸರು.