ಗೋಡೆಗೂ ಸೈ, ನಿಘಂಟಿಗೂ ಸೈ!

ಕ್ಲಾರೆಂಡನ್ ಎಂಬ ಇಂಗ್ಲಿಷ್ ಅಕ್ಷರಶೈಲಿಯಲ್ಲಿ ಅಚ್ಚಾದ ದೊಡ್ಡ ‘ಆರ್’ ಒಂದನ್ನು ಹುಡುಕಿ, ಅದರ ಮೇಲೆ ಭೂತಗನ್ನಡಿ ಹಿಡಿಯಿರಿ. ಅಬ್ಬಾ, ಏನು ಗತ್ತು! ಗರಡಿಯ ಪೈಲ್ವಾನ ತೊಡೆ ತಟ್ಟಿ ನಿಂತ ಹಾಗೆ ನಿಂತಿದೆ. ದಪ್ಪ ನಿಲುಗೆರೆ, ಅದರ ಬುಡಕ್ಕೂ ನೆತ್ತಿಗೂ ದಪ್ಪ ಅಡ್ಡಪಟ್ಟಿ. ಈ ಪಟ್ಟಿಗೇ ಸೆರಿಫ್ ಅನ್ನುವುದು. ಹತ್ತೊಂಬತ್ತನೇ ಶತಮಾನದ ಆರಂಭದ ಪುಸ್ತಕದ ಅಕ್ಷರಗಳಲ್ಲಿ ಅದು ಕೂದಲೆಳೆಯಷ್ಟು ತೆಳು. ಇಲ್ಲಿ ಎದ್ದು ಕಾಣುವಷ್ಟು ದಪ್ಪ. ಅದಕ್ಕೇ ಇದು ಸ್ಲ್ಯಾಬ್ ಸೆರಿಫ್.

ಇಷ್ಟೇ ಆಗಿದ್ದರೆ ಒರಟು ಅಂತ ಬದಿಗಿಡಬಹುದಿತ್ತು. ಆದರೆ ಗೆರೆ ಮತ್ತು ಪಟ್ಟಿ ಕೂಡುವ ಮೂಲೆ ನೋಡಿ! ಅಲ್ಲಿ ಚೂಪು ಕೋನವಿಲ್ಲ, ನಯವಾದ ಬಾಗು ಇದೆ. ‘ಆರ್’ನ ಬಲಗಾಲು ಕೆಳಗಿಳಿದು, ನೆಲ ಮುಟ್ಟಿದ್ದೇ ತಡ, ತುದಿಯನ್ನು ಮೇಲಕ್ಕೆ ಕೊಂಕಿಸುತ್ತದೆ. ಸಣ್ಣ ‘ಎ’, ‘ಸಿ’, ‘ಎಫ್’ಗಳ ತುದಿಗೆ ಗುಂಡನೆಯ ಮಣಿ. ಇಷ್ಟು ದಪ್ಪ ಮೈಗೆ ಇಷ್ಟು ಒಯ್ಯಾರ ಎಲ್ಲಿಂದ ಬಂತು?

ಹುಡುಕುತ್ತಾ ಹೋದರೆ ಲಂಡನ್ ತಲುಪುತ್ತೇವೆ. ಹತ್ತೊಂಬತ್ತನೇ ಶತಮಾನದ ಆರಂಭ. ಲಾಟರಿ, ನಾಟಕ, ಔಷಧಿ ಎಲ್ಲಕ್ಕೂ ಗೋಡೆ ತುಂಬ ಜಾಹೀರಾತು. ಪುಸ್ತಕಕ್ಕೆಂದು ಮಾಡಿದ ಸಭ್ಯ ಅಕ್ಷರಗಳು ಬೀದಿಯ ಆಚೆ ಬದಿಯಿಂದ ಕಾಣುತ್ತಲೇ ಇರಲಿಲ್ಲ. 1815ರ ಸುಮಾರಿಗೆ ವಿನ್ಸೆಂಟ್ ಫಿಗಿನ್ಸ್ ಎಂಬ ಅಚ್ಚುಮೊಳೆ ತಯಾರಕ ಮೊದಲ ಸ್ಲ್ಯಾಬ್ ಅಕ್ಷರಗಳನ್ನು ತೋರಿಸಿದ. ನೆಪೋಲಿಯನ್ನನ ದಂಡಯಾತ್ರೆಯ ನಂತರ ಯುರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತಲ್ಲ, ಈ ಅಕ್ಷರಗಳಿಗೂ ‘ಈಜಿಪ್ಷಿಯನ್’ ಎಂಬ ಹೆಸರು ಅಂಟಿಕೊಂಡಿತು. ಪಿರಮಿಡ್ಡಿಗೂ ಇದಕ್ಕೂ ಯಾವ ನಂಟೂ ಇಲ್ಲ. ಮಾರಾಟದ ಜಾಣತನ, ಅಷ್ಟೆ.

ನಿಜವಾದ ರೋಮಾಂಚನ ಇರುವುದು 1845ರಲ್ಲಿ. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ಪಾಲುದಾರ ರಾಬರ್ಟ್ ಬೆಸ್ಲಿ, ಬೆಂಜಮಿನ್ ಫಾಕ್ಸ್ ಎಂಬ ಕುಶಲಿಯಿಂದ ಉಕ್ಕಿನಲ್ಲಿ ಕೆತ್ತಿಸಿ ಹೊರತಂದದ್ದೇ ಕ್ಲಾರೆಂಡನ್. ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರೆಸ್ಸಿನಿಂದ ಈ ಹೆಸರು ಬಂತು ಅನ್ನುತ್ತಾರೆ. ಬೆಸ್ಲಿಯ ತಲೆ ಎಷ್ಟು ಚುರುಕು ನೋಡಿ: ಅವನು ಗೋಡೆಗಷ್ಟೇ ಅಕ್ಷರ ಮಾಡಲಿಲ್ಲ, ಪುಸ್ತಕದ ಮಾಮೂಲಿ ಅಕ್ಷರದ ಪಕ್ಕದಲ್ಲೇ, ಅದೇ ಸಾಲಿನಲ್ಲಿ ಕೂರುವ ಹಾಗೆ ಮಾಡಿದ! ಅಲ್ಲಿಯವರೆಗೆ ಒಂದು ಪದವನ್ನು ಎತ್ತಿ ತೋರಿಸಲು ಮುದ್ರಕರ ಕೈಯಲ್ಲಿದ್ದದ್ದು ಓರೆ ಅಕ್ಷರ, ಪುಟ್ಟ ಕ್ಯಾಪಿಟಲ್, ಇಲ್ಲವೇ ಹಳೇ ಗೋಥಿಕ್ ಅಕ್ಷರ. ಈಗ ದಪ್ಪಕ್ಷರ ಸಿಕ್ಕಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಕಂತು 1884ರಲ್ಲಿ ಬಂದಾಗ ಮುಖ್ಯಪದಗಳು ಕ್ಲಾರೆಂಡನ್ನಿನಲ್ಲೇ ಇದ್ದವು. ಅರ್ಥ, ವ್ಯುತ್ಪತ್ತಿ, ಉದಾಹರಣೆಗಳು ಕಿಕ್ಕಿರಿದ ಪುಟದಲ್ಲೂ ಬೇಕಾದ ಪದಕ್ಕೆ ಕಣ್ಣು ನೇರವಾಗಿ ಹೋಗಿ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ನಾವು ದಿನವೂ ಒತ್ತುವ ‘ಬೋಲ್ಡ್’ ಗುಂಡಿಯ ಮುತ್ತಜ್ಜ ಇವನೇ!

ಈಗ ಅಟ್ಲಾಂಟಿಕ್ ದಾಟಿ. ಗೇಣುದ್ದದ ಅಕ್ಷರಗಳನ್ನು ಸೀಸದಲ್ಲಿ ಎರಕ ಹೊಯ್ದರೆ ಎತ್ತಲಾಗದಷ್ಟು ಭಾರ, ಆರುವಾಗ ಮೇಲ್ಮೈ ಏರುಪೇರು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಹಿಡಿದ. ಮರಕ್ಕೆ ಯಾವ ಅಕ್ಷರ ಒಗ್ಗುತ್ತದೆ? ತೆಳು ಗೆರೆ ಪ್ರೆಸ್ಸಿನ ಒತ್ತಡಕ್ಕೆ ಪಟ್ಟನೆ ಮುರಿದೀತು. ದಪ್ಪ ಪಟ್ಟಿ ಜಗ್ಗುವುದಿಲ್ಲ. ಹಾಗಾಗಿ ಸರ್ಕಸ್ಸಿನ ಪೋಸ್ಟರಿನಲ್ಲೂ ಸ್ಲ್ಯಾಬ್, ಹರಾಜಿನ ನೋಟಿಸಿನಲ್ಲೂ ಸ್ಲ್ಯಾಬ್, ಓಡಿಹೋದ ಕಳ್ಳನ ತಲೆಗೆ ಬಹುಮಾನ ಕಟ್ಟುವ ಪ್ರಕಟಣೆಯಲ್ಲೂ ಸ್ಲ್ಯಾಬ್. ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಇದು ಪರಿಚಿತ ಮುಖ. ಅತ್ತ ನಿಘಂಟಿನ ವಿದ್ವಾಂಸರಿಗೂ ಬೇಕು, ಇತ್ತ ಕಳ್ಳನ ಬೆನ್ನು ಹತ್ತಿದವರಿಗೂ ಬೇಕು. ಇನ್ನಾವ ಅಕ್ಷರಕ್ಕೆ ಇಂಥ ಯೋಗ ಬಂದೀತು!

ಒಮ್ಮೆ ಪರಿಚಯವಾದರೆ ಸಾಕು, ಕಂಡಲ್ಲೆಲ್ಲ ಇದರ ಬಳಗವೇ. ಸೋನಿ ಟೀವಿಯ ಅಂಚಿನಲ್ಲಿರುವ ನಾಲ್ಕಕ್ಷರ ಸ್ಲ್ಯಾಬ್. ವೋಲ್ವೊ ಬಸ್ಸಿನ ಹೆಸರು ಸ್ಲ್ಯಾಬ್. ಬೆಂಗಳೂರಿನ ಐಟಿ ಮಂದಿಗೆ ಚಿರಪರಿಚಿತವಾದ ಐಬಿಎಂ ಲಾಂಛನವೂ ಅದೇ; ಪಾಲ್ ರ್‍ಯಾಂಡ್ 1972ರಲ್ಲಿ ಅದನ್ನು ಎಂಟು ಅಡ್ಡಗೆರೆಗಳಾಗಿ ಸೀಳಿದರೂ ಪಾದ ಮಾತ್ರ ಅಲುಗಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಫಲಕಗಳಲ್ಲಿ ಕ್ಲಾರೆಂಡನ್ನೇ ಬಹುಕಾಲ ದಾರಿ ತೋರಿಸಿತು. ಟೈಪ್‌ರೈಟರಿನಲ್ಲೂ ಸ್ಲ್ಯಾಬ್! ಅಲ್ಲಿ ‘ಎಂ’ಗೆ ಎಷ್ಟು ಜಾಗವೋ ಬಡಕಲು ‘ಐ’ಗೂ ಅಷ್ಟೇ ಜಾಗ, ಆ ಖಾಲಿ ತುಂಬಲು ‘ಐ’ ತನ್ನ ಪಟ್ಟಿಗಳನ್ನು ಎರಡೂ ಕಡೆಗೆ ಉದ್ದಕ್ಕೆ ಚಾಚುತ್ತದೆ. ಕೊರಿಯರ್ ಅಕ್ಷರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ, ಗೊತ್ತಾಗುತ್ತದೆ.

ಹಾಗಂತ ಎಲ್ಲೆಂದರಲ್ಲಿ ಬಳಸುವ ವಸ್ತುವಲ್ಲ. ಶೀರ್ಷಿಕೆಗೆ ಕೊಡಿ, ಅಂಗಡಿಯ ಬೋರ್ಡಿಗೆ ಕೊಡಿ, ಕಾಫಿಪುಡಿ ಪೊಟ್ಟಣಕ್ಕೆ ಕೊಡಿ, ರಾರಾಜಿಸುತ್ತದೆ. ಇಡೀ ಪುಟವನ್ನು ದಪ್ಪ ಕ್ಲಾರೆಂಡನ್ನಿನಲ್ಲಿ ಜೋಡಿಸಿದರೆ ಮಾತ್ರ ಓದುಗ ಅರ್ಧಕ್ಕೇ ಎದ್ದು ಹೋಗುತ್ತಾನೆ. ಮದುವೆ ಕರೆಯೋಲೆಗಂತೂ ಬೇಡವೇ ಬೇಡ.

ಬೆಸ್ಲಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ತನ್ನ ಅಕ್ಷರವನ್ನು ಅವನು ಕಾಯಿದೆಯ ಪ್ರಕಾರ ನೋಂದಾಯಿಸಿದ್ದ, ಆದರೆ ಆ ರಕ್ಷಣೆಗೆ ಇದ್ದದ್ದು ಮೂರೇ ವರ್ಷ ಆಯುಸ್ಸು. ಅವಧಿ ಮುಗಿಯಿತೋ ಇಲ್ಲವೋ, ಉಳಿದ ಫೌಂಡ್ರಿಗಳು ನಕಲಿಗೆ ಮುಗಿಬಿದ್ದವು. ಬೆಸ್ಲಿ ಗೊಣಗಿದ, ಆದರೆ ಕೆಡಲಿಲ್ಲ. 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ! ಈಗ ಅವನ ಹೆಸರಿನಲ್ಲೇ, ಕ್ಲಾರೆಂಡನ್ ಮಾದರಿಯಲ್ಲೇ, ‘ಬೆಸ್ಲಿ’ ಎಂಬ ಮುಕ್ತ ಫಾಂಟ್ ಇದೆ. ಗೂಗಲ್ ಫಾಂಟ್ಸ್‌ನಲ್ಲಿ ಕಾಸಿಲ್ಲದೆ ಸಿಗುತ್ತದೆ. ಇಳಿಸಿಕೊಳ್ಳಿ, ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ದಪ್ಪಗೆ ಟೈಪಿಸಿ. ಹೆಸರಿನಲ್ಲಿ ‘ಆರ್’ ಇದ್ದರಂತೂ ನೀವೇ ಅದೃಷ್ಟವಂತರು.