ಹಗಲಿನಲ್ಲಿ ಕಾಣುವ ನಿಶಾಚರರು

ನಿಶಾಚರ ಎಂಬ ಶಬ್ದಕ್ಕೆ ನಮ್ಮ ಹಳೆಯ ಕಾವ್ಯಗಳಲ್ಲಿ ರಾಕ್ಷಸನೆಂಬ ಅರ್ಥವೇ ರೂಢಿ. ಅದರಿಂದಲೋ ಏನೋ, ಇರುಳಿನಲ್ಲಿ ಸಂಚರಿಸುವ ಪ್ರಾಣಿ ಹಗಲಿನಲ್ಲಿ ಕಣ್ಣಿಗೆ ಬಿದ್ದರೆ ಅಪಶಕುನವೆಂದು ಬೆದರುವವರು ಇಂದಿಗೂ ಉಂಟು. ಈ ಬೆದರಿಕೆ ಎಷ್ಟು ನಿರಾಧಾರವೆಂಬುದನ್ನು ನಮ್ಮ ಸೀಮೆಯ ಉದಾಹರಣೆಗಳಿಂದಲೇ ತಿಳಿಯಬಹುದು.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ನೋಡದ ಕುಟುಂಬಗಳು ನಮ್ಮಲ್ಲಿ ವಿರಳ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಕ್ಷಿತ ತಾಣವಾದ ಇದು, 2022ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ದೋಣಿಯಲ್ಲಿ ಸಾಗುವಾಗ ಎತ್ತರದ ಮರಗಳಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ಬಾವಲಿಗಳನ್ನು ನಡುಹಗಲಿನಲ್ಲಿಯೇ ಕಾಣುತ್ತೇವೆ. ಬಿಸಿಲೇರಿದಂತೆ ಅವು ರೆಕ್ಕೆಗಳನ್ನೇ ಬೀಸಣಿಗೆಯಾಗಿಸಿ ಮೈ ತಂಪು ಮಾಡಿಕೊಳ್ಳುತ್ತವೆ. ಬಾವಲಿ ಕುರುಡೆಂಬ ಮಾತು ಇವುಗಳಿಗೆ ಸಲ್ಲದು. ಕಣ್ಣಿನಿಂದಲೂ ಮೂಗಿನಿಂದಲೂ ಇವು ಹಣ್ಣನ್ನು ಅರಸುತ್ತವೆ. ಪಕ್ಕದ ಕೊಂಬೆಯಲ್ಲಿ ಕೆಂಗಣ್ಣಿನ ಇರುಳು ಬಕ ಮುದುಡಿ ಕುಳಿತಿರುತ್ತದೆ. ಅದೂ ಸಂಜೆಯ ಬೇಟೆಗಾರನೇ. ಆದರೆ ಗೂಡಿನಲ್ಲಿ ಮರಿಗಳಿದ್ದಾಗ ಅವುಗಳ ಹಸಿವು ತಾಯಿತಂದೆಗಳನ್ನು ಹಗಲಿನಲ್ಲಿಯೂ ಮೀನಿಗೆ ಅಟ್ಟುತ್ತದೆ. ಇದರಲ್ಲಿ ಶಕುನವೆಲ್ಲಿಯದು?

ಬಾವಲಿಯ ಮೇಲೆ ನಮ್ಮ ತೋಟಗಾರರಿಗೆ ಮುನಿಸುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಹಣ್ಣುಬಾವಲಿಯನ್ನು ಪೀಡಕ ಪ್ರಾಣಿಗಳ ಸಾಲಿನಲ್ಲಿಯೇ ಇರಿಸಿತ್ತು; 2022ರ ತಿದ್ದುಪಡಿಯಿಂದ ಆ ಅನುಸೂಚಿಯೇ ಇಲ್ಲವಾಯಿತು. ಇಪ್ಪೆ, ಬೂರುಗ ಮೊದಲಾದ ಮರಗಳ ಪರಾಗವನ್ನು ಸಾಗಿಸಿ, ಆಲ ಅತ್ತಿಗಳ ಬೀಜವನ್ನು ದೂರ ದೂರಕ್ಕೆ ಬಿತ್ತುವ ಉಪಕಾರ ಈ ಜೀವಿಯದು. 2018ರಲ್ಲಿ ಕೇರಳದಲ್ಲಿ ನಿಫಾ ರೋಗ ಕಾಣಿಸಿಕೊಂಡಾಗಿನಿಂದ ಭಯ ಹೆಚ್ಚಿದೆ. ಕಚ್ಚಿ ಬಿದ್ದ ಹಣ್ಣನ್ನು ತಿನ್ನದಿರುವುದು, ನೆಲಕ್ಕೆ ಬಿದ್ದ ಬಾವಲಿಯನ್ನು ಮುಟ್ಟದಿರುವುದು ವಿವೇಕ. ಕಲ್ಲೆಸೆದು ಗುಂಪನ್ನು ಚದರಿಸುವುದು ಅವಿವೇಕ.

ಚಿರತೆಯ ಮಾತು ಇದಕ್ಕಿಂತ ಗಂಭೀರವಾದುದು. 2022ರ ಕೊನೆಯಲ್ಲಿ ಕೃಷ್ಣರಾಜಸಾಗರದ ಬೃಂದಾವನದಲ್ಲಿ ಚಿರತೆ ಕಾಣಿಸಿಕೊಂಡು, ಕೆಲವು ಕಾಲ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ನಾಗಮಂಗಲದ ಕಲ್ಲುಗುಡ್ಡಗಳಲ್ಲಿಯೂ, ಪಾಂಡವಪುರ, ಕೃಷ್ಣರಾಜಪೇಟೆಗಳ ಕಬ್ಬಿನ ಗದ್ದೆಗಳಲ್ಲಿಯೂ ಚಿರತೆ ಹೊಸ ಅತಿಥಿಯಲ್ಲ. ಆಳೆತ್ತರದ ಕಬ್ಬು ಅದಕ್ಕೆ ಹಗಲಿನ ಮರೆ, ಮರಿ ಹಾಕುವ ತಾಣ. ಊರ ನಾಯಿ, ಕುರಿ, ಮೇಕೆಗಳು ಆಹಾರ. ಕಟಾವಿನ ದಿನ ಮರೆ ಕಳೆದಾಗ ಅದು ಬೆಳಕಿಗೆ ಬರಲೇಬೇಕು. ಹಿಡಿದು ದೂರದ ಕಾಡಿಗೆ ಬಿಟ್ಟರೆ ತೊಂದರೆ ತೀರುವುದೆಂಬುದು ಹಲವರ ನಂಬಿಕೆ. ಆದರೆ ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಹಾಗೆ ಮಾಡಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದುದನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಆದುದರಿಂದ ಗೃಹಸ್ಥರು ಮಾಡತಕ್ಕುದು ಇಷ್ಟು. ಕಬ್ಬಿನಲ್ಲಿ ಚಿರತೆಮರಿ ಕಂಡರೆ ಮುದ್ದಿಸಲು ಎತ್ತಿಕೊಳ್ಳದೆ, ಕೆಲಸ ನಿಲ್ಲಿಸಿ, ಎಲ್ಲರೂ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ತಾಯಿ ಸಾಮಾನ್ಯವಾಗಿ ಇರುಳಿನಲ್ಲಿ ಬಂದು ಒಯ್ಯುತ್ತದೆ. ಚಿರತೆಯೇ ಎದುರಾದರೆ ಬೆನ್ನುಹಾಕಿ ಓಡದೆ, ಸುತ್ತುವರಿದು ಕೂಗಾಡದೆ, ಅದು ಹೊರಟುಹೋಗಲು ದಾರಿ ಬಿಡಬೇಕು. ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಗದ್ದೆಯ ಅಂಚಿಗೆ ಕಳುಹಿಸಲಾಗದು. ದನಕರುಗಳಿಗೆ ಭದ್ರವಾದ ಕೊಟ್ಟಿಗೆ ಇರಬೇಕು. ನರಿಯೋ ನಾಯಿಯೋ ಹಗಲಿನಲ್ಲಿ ತೂರಾಡುತ್ತ, ಅಂಜಿಕೆಯಿಲ್ಲದೆ ಮೇಲೆ ಬಂದರೆ ಹುಚ್ಚುರೋಗದ ಶಂಕೆಯಿಂದ ದೂರವಿರಬೇಕು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮುಂದಿನ ಬಾರಿ ಮಕ್ಕಳೊಡನೆ ರಂಗನತಿಟ್ಟಿಗೆ ಹೋದಾಗ ಅವರ ಕೈಯ ಕಲ್ಲನ್ನು ಕೆಳಗಿಡಿಸಿ, ಮರದತ್ತ ಬೆರಳು ತೋರಿಸಿ. ಅದು ಆ ಜೀವಿಗಳ ನಿದ್ರೆಯ ಹೊತ್ತು. ಪರರ ನಿದ್ರೆಯನ್ನು ಕೆಡಿಸದಿರುವುದೂ ದಯೆಯ ಒಂದು ಪಾಠವೇ ಸರಿ.