ಟೇಪ್ ಯಂತ್ರಗಳ ಜೊತೆನಡೆ

ಕಾಂತಟೇಪಿನ ಅಗಲವನ್ನು ಹಲವು ಸಮಾನಾಂತರ ಟ್ರ್ಯಾಕ್‌ಗಳಾಗಿ ಹಂಚಿ, ಶ್ರುತಿ, ಮೃದಂಗ, ಪಿಟೀಲು, ಹಾಡುಗಾರಿಕೆಗಳನ್ನು ಬೇರೆಬೇರೆ ಹೊತ್ತಿನಲ್ಲಿ ಅವುಗಳಲ್ಲಿ ತುಂಬಿ, ಕೊನೆಗೆ ಒಂದಾಗಿ ಬೆರೆಸುವುದೇ ಮಲ್ಟಿಟ್ರ್ಯಾಕ್ ಧ್ವನಿಮುದ್ರಣ. 1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್‌ಗಳನ್ನು ಒದಗಿಸಿದ ಮೇಲೆ ಈ ಕೆಲಸ ಮನೆಯ ಕೋಣೆಗೂ ಬಂದಿತು. ನಾಲ್ಕು ಸಾಲದಾದಾಗ ಇನ್ನೊಂದು ಯಂತ್ರವನ್ನು ತಂದು ಎರಡನ್ನೂ ಒಟ್ಟಿಗೆ ಓಡಿಸುವ ಯೋಚನೆ ಸಹಜವಾಗಿಯೇ ಬರುತ್ತದೆ, ತೊಡಕು ಶುರುವಾಗುವುದೂ ಅಲ್ಲಿಯೇ.

ಎರಡೂ ಒಂದೇ ವೇಗದಲ್ಲಿ ಓಡಿದರೆ ಸಾಕೆಂಬುದು ಹೊಸಬರೆಲ್ಲ ಎಡವುವ ಜಾಗ. ಈ ನಂಬಿಕೆ ಸಲ್ಲುವ ಕಡೆಯೂ ಒಂದುಂಟು, ಅದು ವಿದ್ಯುಜ್ಜಾಲ. ನಾಗಪುರ ಜಿಲ್ಲೆಯ ಮೌದಾದಲ್ಲಿ ಎನ್‌ಟಿಪಿಸಿಯ 2,320 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗ ದಕ್ಷಿಣದ ವಿದ್ಯುಜ್ಜಾಲವನ್ನು ದೇಶದ ಉಳಿದ ಜಾಲದೊಡನೆ ಬೆಸೆದಂದಿನಿಂದ ಮೌದಾದ ಜನರೇಟರುಗಳೂ ರಾಯಚೂರಿನವೂ ಒಂದೇ 50 ಹರ್ಟ್ಸ್‌ನ ತಾಳಕ್ಕೆ, ನಿಮಿಷಕ್ಕೆ ಸುಮಾರು 3,000 ಸುತ್ತು, ಜೊತೆಯಾಗಿ ತಿರುಗುತ್ತವೆ. ಅವುಗಳಲ್ಲೊಂದು ಕೂದಲೆಳೆಯಷ್ಟು ಹಿಂದುಳಿದರೆ ಜಾಲವೇ ಅದನ್ನು ಎಳೆದು ಸಾಲಿಗೆ ತರುವುದರಿಂದ ವ್ಯತ್ಯಾಸ ಗಂಟುಕಟ್ಟಿಕೊಳ್ಳುವುದಿಲ್ಲ. ಟೇಪಿಗೆ ಅಂಥ ಎಳೆತವಿಲ್ಲ. ಅದೇ 50 ಹರ್ಟ್ಸ್‌ಗೆ ಕಟ್ಟುಬಿದ್ದ ಸಿಂಕ್ರೊನಸ್ ಮೋಟಾರು ಕ್ಯಾಪ್‌ಸ್ಟನ್ ಎಂಬ ತಿರುಗುಕಡ್ಡಿಯನ್ನು ನಿಖರವಾಗಿ ತಿರುಗಿಸಿದರೂ, ಅದಕ್ಕೂ ರಬ್ಬರಿನ ಉರುಳೆಗೂ ನಡುವೆ ಸಿಕ್ಕ ಟೇಪು ಬರಿಯ ಘರ್ಷಣೆಯಿಂದ ಸಾಗುತ್ತದೆ. ಸಿನಿಮಾ ಫಿಲ್ಮಿನಂತೆ ಅಂಚಿನಲ್ಲಿ ತೂತುಗಳಿಲ್ಲದ ಅದು ಕೊಂಚ ಜಾರುತ್ತದೆ, ಕೊಂಚ ಹಿಗ್ಗುತ್ತದೆ, ಸುರುಳಿಯ ಗಾತ್ರ ಬದಲಾದಂತೆ ಬಿಗಿತವನ್ನೂ ಬದಲಿಸುತ್ತದೆ. ನೂರಕ್ಕೆ 0.1ರಷ್ಟು ವೇಗವ್ಯತ್ಯಾಸವೂ ನಾಲ್ಕು ನಿಮಿಷದ ಹಾಡಿನ ಕೊನೆಗೆ 240 ಮಿಲಿಸೆಕೆಂಡಾಗಿ ಬೆಳೆದಿರುತ್ತದೆ, ಮೃದಂಗದ ಪೆಟ್ಟು ತಾಳ ಬಿಟ್ಟು ಬಹುದೂರ ಹೋಗಿರುತ್ತದೆ.

1967ರ ಫೆಬ್ರವರಿ 10ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’ ಗೀತೆಗಾಗಿ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಒಂದು ಟೇಪಿನಲ್ಲಿ 50 ಹರ್ಟ್ಸ್‌ನ ನಾದವನ್ನು ಮುದ್ರಿಸಿ, ಅದರಿಂದಲೇ ಎರಡನೆಯ ಯಂತ್ರದ ಮೋಟಾರನ್ನು ನಡೆಸಿದರು. ಒಂದು ಟೇಪಿನ ನಡಿಗೆ ಇನ್ನೊಂದಕ್ಕೆ ತಿಳಿಯುವಂತಾದದ್ದು ದೊಡ್ಡ ಹೆಜ್ಜೆಯೇ ಹೌದು, ಆದರೆ ಆ ನಾದ ವೇಗವನ್ನು ಹೇಳುತ್ತಿತ್ತೇ ಹೊರತು ಹಾಡು ಎಲ್ಲಿಗೆ ಬಂದಿದೆಯೆಂಬುದನ್ನಲ್ಲ. ಯಂತ್ರಗಳನ್ನು ಒಂದೇ ಕ್ಷಣಕ್ಕೆ ಹೊರಡಿಸುವ ಹೊಣೆ ಕೈಬೆರಳಿಗೇ ಉಳಿಯಿತು.

ಟೈಮ್‌ಕೋಡ್ ಈ ಕೊರತೆಯನ್ನು ನೀಗಿತು. 50 ಹರ್ಟ್ಸ್ ವಿದ್ಯುತ್ತಿನ ನಾಡುಗಳಲ್ಲಿ ಬಳಕೆಯಲ್ಲಿರುವ ರೂಪದಲ್ಲಿ ಅದು ಸೆಕೆಂಡಿಗೆ 25 ಚೌಕಟ್ಟುಗಳಂತೆ, ಪ್ರತಿ ಚೌಕಟ್ಟಿಗೆ 80 ಬಿಟ್‌ಗಳಲ್ಲಿ, ಗಂಟೆ, ನಿಮಿಷ, ಸೆಕೆಂಡು, ಚೌಕಟ್ಟುಗಳ ವಿಳಾಸವನ್ನು ಟೇಪಿನ ಮೇಲೆ ಬರೆಯುತ್ತದೆ. ಎರಡೂ ಟೇಪುಗಳ ವಿಳಾಸ ಓದುವ ಸಿಂಕ್ರನೈಸರ್, ಹಿಂಬಾಲಕ ಯಂತ್ರದ ಕ್ಯಾಪ್‌ಸ್ಟನ್ನನ್ನು ಎಡೆಬಿಡದೆ ತುಸು ತ್ವರಿತಗೊಳಿಸುತ್ತ, ತುಸು ತಡೆಯುತ್ತ ಮುಂದಾಳು ಯಂತ್ರಕ್ಕೆ ಹೊಂದಿಸುತ್ತದೆ. ಮೌದಾದಲ್ಲಿ ಜಾಲ ತಾನಾಗಿ ಮಾಡುವ ಎಳೆತವನ್ನು ಇಲ್ಲಿ ಓದಿ, ಎಣಿಸಿ ಮಾಡಬೇಕಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಎಂಟು ಟ್ರ್ಯಾಕಿನ ಎರಡು ಯಂತ್ರಗಳಿಂದ ಸಂಗೀತಕ್ಕೆ ದಕ್ಕುವುದು ಹದಿನಾರಲ್ಲ, ಹದಿನಾಲ್ಕು. ಕೋಡಿನ ಕೀರಲು ಸದ್ದು ಪಕ್ಕದ ಟ್ರ್ಯಾಕಿಗೆ ಸೋರುವುದರಿಂದ ಅದಕ್ಕೆ ಅಂಚಿನ ಟ್ರ್ಯಾಕೇ ಸೂಕ್ತ, ಅದರ ಮೇಲೆ ಗದ್ದಲತಗ್ಗಿಸುವ ಸರ್ಕ್ಯೂಟು ಕೆಲಸ ಮಾಡಕೂಡದು. ಯಂತ್ರಗಳು ಪರಸ್ಪರ ಹೊಂದಿಕೊಳ್ಳಲು ಕೆಲವು ಸೆಕೆಂಡು ಹಿಡಿಯುವುದರಿಂದ ಕೋಡನ್ನು ಹಾಡಿಗಿಂತ ಸಾಕಷ್ಟು ಮೊದಲೇ ಆರಂಭಿಸಬೇಕು. ಟೇಪಿನ ಪ್ರತಿ ತೆಗೆಯುವಾಗ ಕೋಡನ್ನು ನೇರವಾಗಿ ನಕಲಿಸದೆ ಹೊಸದಾಗಿ ಉತ್ಪಾದಿಸಿಕೊಳ್ಳುವುದು ಕ್ಷೇಮ, ಏಕೆಂದರೆ ನಕಲಿನಿಂದ ನಕಲಿಗೆ ಅದರ ಅಂಚುಗಳು ಮೊಂಡಾಗುತ್ತವೆ.

ಈ ವಿಷಯದ ರುಚಿ ಹತ್ತಿದವರು ಕೈಗೆ ಸಿಕ್ಕ ಎರಡು ಹಳೆಯ ಕ್ಯಾಸೆಟ್ ಯಂತ್ರಗಳಿಂದಲೇ ಅಭ್ಯಾಸ ಮುಂದುವರಿಸಬಹುದು. ಎರಡರಲ್ಲೂ ಒಂದೇ ಮೆಟ್ರೊನೋಮಿನ ಟಿಕ್ ಸದ್ದನ್ನು ಮುದ್ರಿಸಿ, ಒಂದನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಕೊಟ್ಟು ಒಟ್ಟಿಗೆ ಹೊರಡಿಸಿದರೆ, ಹೊರಡುವಿಕೆ ನಿಖರವಾಗಿದ್ದಲ್ಲಿ ಟಿಕ್ ಮೊದಲು ತಲೆಯ ನಡುವೆ ಕೇಳಿಸಿ, ಮೆಲ್ಲಗೆ ಒಂದು ಬದಿಗೆ ಸರಿದು, ಆಮೇಲೆ ಎರಡಾಗಿ ಒಡೆಯುತ್ತದೆ. ಒಡೆದ ಹೊತ್ತನ್ನು ಗಡಿಯಾರದಲ್ಲಿ ಗುರುತಿಸಿಕೊಂಡು ಅವೇ ಟೇಪುಗಳನ್ನು ಮತ್ತೆ ಓಡಿಸಿದಾಗ, ಆ ಹೊತ್ತು ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ.